ಬಡಿಸುವವರೂ ಕುಳಿತು ಉಣ್ಣುವ ಭಾನುವಾರ: ಮನೆಮಂದಿಯೆಲ್ಲ ಸೇರಿ ಕಡುಬು ಮಾಡುವ ಕ್ರಮ

ತೀರ್ಥಹಳ್ಳಿ ಕಡೆಯ ನಮ್ಮ ಊರಿನ ಮನೆಯಲ್ಲಿ, ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ, ನನ್ನ ಅತ್ತೆ ಕಡುಬೊಂದನ್ನು ಎರಡಾಗಿ ಮುರಿದು ಒಳಗಿನಿಂದ ಏಳುವ ಹಬೆಯನ್ನೇ ಸ್ವಲ್ಪ ಹೊತ್ತು ನೋಡಿದರು. "ಬಿಸಿ ಕಡುಬು ತಿಂದು ಎಷ್ಟು ವರ್ಷವಾಯಿತೋ ಮಾರಾಯ್ತಿ" ಎಂದರು. ಆ ಮನೆಯಲ್ಲಿ ನಲವತ್ತು ವರ್ಷ ಕಡುಬು ಬೇಯಿಸಿದವರು ಅವರೇ. ಮೊದಲ ಪಂಕ್ತಿಗೆ ಗಂಡಸರು ಮತ್ತು ಮಕ್ಕಳು, ಆಮೇಲೆ ತೋಟದ ಕೆಲಸಕ್ಕೆ ಬಂದವರು, ನೆಂಟರಿದ್ದರೆ ಅವರು. ಎಲ್ಲರೂ ಕೈತೊಳೆದ ಮೇಲೆ ಅಡುಗೆಮನೆಯ ಹೊಸ್ತಿಲ ಹತ್ತಿರ ತಟ್ಟೆ ಇಟ್ಟುಕೊಂಡು ಅತ್ತೆಯ ಊಟ. ಅಷ್ಟು ಹೊತ್ತಿಗೆ ಕಡುಬು ತಣಿದು ಬಿರುಸಾಗಿರುತ್ತಿತ್ತು. ಆ ದಿನ ಅಡುಗೆಮನೆಯ ಮಾಡು ಸೋರುತ್ತಿದ್ದುದರಿಂದ ಹಬೆಪಾತ್ರೆಯನ್ನೇ ನಡುಮನೆಗೆ ತಂದಿಟ್ಟು ಸುತ್ತ ಕುಳಿತಿದ್ದೆವು. ಎದ್ದುಹೋಗಿ ತರಬೇಕಾದದ್ದು ಒಳಗೆ ಏನೂ ಉಳಿದಿರಲಿಲ್ಲ. ಹಾಗಾಗಿ ಅವರೂ ಕುಳಿತರು.

ಅಂದಿನಿಂದ ನನಗೆ ಒಂದು ಮಾತು ಖಚಿತವಾಯಿತು. ಅಡುಗೆ ಮಾಡಿದವರು ಕೊನೆಗೆ ಒಬ್ಬರೇ ಉಣ್ಣುವ ಮನೆಯಲ್ಲಿ, ಉಳಿದವರೆಲ್ಲ ಎಷ್ಟೇ ಒತ್ತಾಗಿ ಕುಳಿತಿದ್ದರೂ ಅದು ಒಟ್ಟಿಗೆ ಮಾಡಿದ ಊಟವಲ್ಲ. ಶಿವಮೊಗ್ಗದ ನಮ್ಮ ಮನೆಯಲ್ಲಿ ಈಗ ಕೆಲವು ವರ್ಷಗಳಿಂದ ತಿಂಗಳಿಗೆ ಎರಡು ಭಾನುವಾರವಾದರೂ ಎಲ್ಲರೂ ಸೇರಿ ಅಡುಗೆ ಮಾಡಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತೇವೆ. ಅತ್ತೆ, ಮಾವ, ನಾವಿಬ್ಬರು, ಮೈದುನ ಮತ್ತು ಓರಗಿತ್ತಿ, ಅವರ ಆರು ವರ್ಷದ ಮಗ, ಬೆಂಗಳೂರಿನಿಂದ ಬಂದರೆ ನನ್ನ ಮಗಳು, ಒಟ್ಟು ಏಳೆಂಟು ಜನ. ತಪ್ಪಿ ತಪ್ಪಿ ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಡುಗೆಯನ್ನು ಆರಿಸಿ

ದಿನ ಗೊತ್ತುಮಾಡುವುದಕ್ಕಿಂತ ಇದು ಮುಖ್ಯ. ನಾವು ಆರಂಭದಲ್ಲಿ ಎಡವಿದ್ದೇ ಇಲ್ಲಿ. ಮೊದಲ ಭಾನುವಾರ ಅಕ್ಕಿರೊಟ್ಟಿ ಮಾಡಿದೆವು, ಎರಡನೆಯ ಸಲ ನೀರುದೋಸೆ. ಎರಡೂ ಮಲೆನಾಡಿನ ಮನೆಯ ಪ್ರೀತಿಯ ತಿಂಡಿಗಳೇ. ಆದರೆ ಕಾವಲಿಯ ಮುಂದೆ ಒಬ್ಬರು ನಿಂತೇ ಇರಬೇಕು. ರೊಟ್ಟಿ ಬಿಸಿಯಾಗಿ ತಟ್ಟೆಗೆ ಬೀಳಬೇಕೆಂದರೆ ತಟ್ಟುವವರ ಊಟ ತಡವಾಗಲೇಬೇಕು. ಎರಡು ಸಲವೂ ನಾನೋ ಓರಗಿತ್ತಿಯೋ ಒಲೆಯ ಮುಂದೆ ಉಳಿದೆವು.

ಆದ್ದರಿಂದ ಎರಡು ಗುಣವಿರುವ ಅಡುಗೆಯನ್ನು ಹುಡುಕಿ. ಮಾಡುವಾಗ ಹಲವು ಕೈಗಳಿಗೆ ಕೆಲಸ ಇರಬೇಕು. ಮುಗಿದ ಮೇಲೆ ಒಲೆ ಆರಿಸಿ ಬರುವಂತಿರಬೇಕು, ಅರ್ಧ ಗಂಟೆಯಾದರೂ ಬಿಸಿ ಹಿಡಿದಿರಬೇಕು. ಹಬೆಯಲ್ಲಿ ಬೇಯುವ ನಮ್ಮ ಕಡೆಯ ತಿಂಡಿಗಳೆಲ್ಲ ಈ ಎರಡಕ್ಕೂ ಹೊಂದುತ್ತವೆ. ದಪ್ಪ ರವೆಯಂತೆ ಒಡೆದ ಅಕ್ಕಿಯನ್ನು ಉಂಡೆ ಕಟ್ಟಿ ಬೇಯಿಸುವ ತರಿ ಕಡುಬು, ಹಲಸಿನ ಎಲೆಯ ಕೊಟ್ಟೆ ಕಡುಬು, ಅರಿಶಿನ ಎಲೆಯ ಕಡುಬು, ಮಳೆಗಾಲದಲ್ಲಿ ಕೆಸುವಿನ ಎಲೆಯ ಪತ್ರೊಡೆ. ಹೊಸದಾಗಿ ಶುರುಮಾಡುವ ಮನೆಗೆ ನನ್ನ ಸಲಹೆ ತರಿ ಕಡುಬು. ಅದಕ್ಕೆ ಸಿಗದ ಸಾಮಾನು ಯಾವುದೂ ಬೇಡ, ಸ್ವಲ್ಪ ಕೆಟ್ಟರೂ ತಿನ್ನಲು ಬರುತ್ತದೆ, ಆರು ವರ್ಷದ ಮಗುವೂ ಉಂಡೆ ಕಟ್ಟಬಲ್ಲದು.

ದಿನ, ಹೊತ್ತು

ಭಾನುವಾರ ಮಧ್ಯಾಹ್ನ ಒಂದು ಗಂಟೆ ನಮಗೆ ಒಗ್ಗಿದೆ. ರಾತ್ರಿಯೂಟಕ್ಕೆ ಇಟ್ಟರೆ ಮಕ್ಕಳಿಗೆ ನಿದ್ದೆ, ಮರುದಿನ ಬೆಳಗ್ಗೆ ಬಸ್ ಹಿಡಿಯುವವರಿಗೆ ಅವಸರ. ತೋಟವಿರುವ ಮನೆಯವರು ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಇದನ್ನು ಹಟ ಹಿಡಿದು ನಡೆಸುವುದು ಬೇಡ. ಸುಲಿಯುವ, ಬೇಯಿಸುವ ಕೆಲಸದ ನಡುವೆ ಇದೂ ಒಂದು ಹೊರೆಯಾದರೆ ಮತ್ತೆ ಹೊರುವವರು ಅದೇ ಹೆಂಗಸರು.

ಶನಿವಾರವೇ ತರಿ ಮಾಡಿಟ್ಟುಕೊಳ್ಳಿ

ಏಳು ಜನಕ್ಕೆ 200 ಮಿ.ಲೀ. ಲೋಟದಲ್ಲಿ ನಾಲ್ಕು ಲೋಟ ತರಿ ಬೇಕು. ನಾಲ್ಕೂವರೆ ಲೋಟ ಅಕ್ಕಿಯನ್ನು ಎರಡು ಸಲ ತೊಳೆದು, ನೀರು ಬಸಿದು, ಹತ್ತಿಬಟ್ಟೆಯ ಮೇಲೆ ನೆರಳಿನಲ್ಲಿ ಹರವಿ. ಬೇಸಿಗೆಯಲ್ಲಿ ಎರಡು ಗಂಟೆ ಸಾಕು. ಆಷಾಢದ ಮಳೆಯಲ್ಲಿ ಫ್ಯಾನಿನ ಕೆಳಗಿಟ್ಟರೂ ಸಂಜೆಯಾಗುತ್ತದೆ. ಅಕ್ಕಿಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಸುಲಭವಾಗಿ ಮುರಿಯಬೇಕು, ಆದರೆ ಕೈಗೆ ತೇವ ಅಂಟಬಾರದು. ಆಗ ಮಿಕ್ಸಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ನಿಲ್ಲಿಸಿ ನಿಲ್ಲಿಸಿ ಒಡೆಯಿರಿ. ಚಿರೋಟಿ ರವೆಯಷ್ಟು ನುಣ್ಣಗಾದರೆ ಕಡುಬು ಅಂಟಂಟಾಗುತ್ತದೆ, ಉಪ್ಪಿಟ್ಟಿನ ರವೆಗಿಂತ ತುಸು ದಪ್ಪ ಇರಲಿ. ಕೊನೆಗೆ ಜರಡಿ ಹಿಡಿದು ಹಿಟ್ಟನ್ನು ಬೇರೆ ಮಾಡಿ. ಆ ಹಿಟ್ಟು ಮರುದಿನದ ರೊಟ್ಟಿಗೆ ಆಗುತ್ತದೆ.

ನಮ್ಮಲ್ಲಿ ತರಿ ಮಾಡುವುದು ಮೈದುನನ ಕೆಲಸ. ಮೊದಲ ಸಲ ಅರ್ಧ ಅಕ್ಕಿ ಹಿಟ್ಟಾಗಿತ್ತು. ಈಗ ಮಿಕ್ಸಿಯ ಸದ್ದು ಕೇಳಿಯೇ ಸಾಕೋ ಬೇಡವೋ ಹೇಳುತ್ತಾನೆ. ಸಮಯ ಇಲ್ಲದವರು ಅಂಗಡಿಯ ಅಕ್ಕಿತರಿ ತಂದರೂ ಅಡ್ಡಿಯಿಲ್ಲ. ಆದರೆ ಹಳೆ ಅಕ್ಕಿಯದೋ ಹೊಸ ಅಕ್ಕಿಯದೋ ಕೇಳಿಕೊಳ್ಳಿ, ನೀರಿನ ಲೆಕ್ಕ ಅದರ ಮೇಲೆ ನಿಂತಿದೆ.

ಮಾಂಸ ತಿನ್ನುವ ಮನೆಯಲ್ಲಿ ಕಡುಬಿಗೆ ಕೋಳಿಸಾರೇ ಜೋಡಿ. ಹಾಗಿದ್ದರೆ ಶನಿವಾರ ರಾತ್ರಿಯೇ ಮಸಾಲೆ ಹುರಿದಿಡಿ. ತಿನ್ನದ ಮನೆಯಲ್ಲಿ ಹುರುಳಿಕಾಳನ್ನೋ ಹೆಸರುಕಾಳನ್ನೋ ಮೊಳಕೆ ಕಟ್ಟಿ ಸಾರು ಮಾಡಬಹುದು. ನಮ್ಮ ಅತ್ತೆ ಮಾಂಸ ಬಿಟ್ಟು ಬಹಳ ಕಾಲವಾಯಿತು, ಹಾಗಾಗಿ ನಮ್ಮ ಸಾಮೂಹಿಕ ಊಟ ಯಾವಾಗಲೂ ಕಾಳಿನ ಸಾರಿನದು. ಒಬ್ಬರು ತಿನ್ನಲಾಗದ್ದನ್ನು ನಡುವೆ ಇಟ್ಟು, ಅವರಿಗೆ ಬೇರೆಯದನ್ನು ಮಾಡಿ ಪಕ್ಕಕ್ಕೆ ಸರಿಸುವುದು ನನಗೆ ಸರಿಕಾಣುವುದಿಲ್ಲ. ಕೋಳಿಗೆ ವಾರದಲ್ಲಿ ಇನ್ನೂ ಆರು ದಿನ ಇವೆ.

ಕೆಲಸ ಹಂಚುವ ಬಗೆ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಎಲ್ಲವೂ ಕೂಡುವುದೂ ಕೆಡುವುದೂ ಇಲ್ಲಿಯೇ.

"ಸ್ವಲ್ಪ ಸಹಾಯ ಮಾಡು" ಎಂದು ಯಾರಿಗೂ ಹೇಳಬೇಡಿ. ಸಹಾಯ ಎಂದ ಕೂಡಲೇ ಕೆಲಸ ನಿಮ್ಮದು, ಅವರು ಉಪಕಾರ ಮಾಡಿದವರು ಎಂದಾಗುತ್ತದೆ. ಒಂದೊಂದು ಕೆಲಸವನ್ನು ಬುಡದಿಂದ ತುದಿಯವರೆಗೆ ಒಬ್ಬೊಬ್ಬರಿಗೆ ವಹಿಸಿ. ಚಟ್ನಿ ನಿನ್ನದು ಎಂದರೆ ತೆಂಗಿನಕಾಯಿ ಒಡೆಯುವುದು, ತುರಿಯುವುದು, ಸೂಜಿಮೆಣಸು ಇದೆಯೋ ಇಲ್ಲವೋ ನೋಡುವುದು, ರುಬ್ಬುವುದು, ಉಪ್ಪು ನೋಡುವುದು, ಮಿಕ್ಸಿ ಜಾರು ತೊಳೆದಿಡುವುದು, ಎಲ್ಲವೂ ಅವನದೇ. ಉಪ್ಪು ಎಲ್ಲಿದೆ, ಹುಣಿಸೆಹಣ್ಣು ಎಲ್ಲಿದೆ ಎಂದು ಕೇಳುತ್ತಲೇ ಇದ್ದರೆ ಉತ್ತರ ಕೊಡಿ, ಆದರೆ ಎದ್ದುಹೋಗಿ ತೆಗೆದುಕೊಡಬೇಡಿ. ಮೂರನೆಯ ಭಾನುವಾರದ ಹೊತ್ತಿಗೆ ಡಬ್ಬಿಗಳು ಎಲ್ಲಿವೆ ಎಂದು ಎಲ್ಲರಿಗೂ ತಿಳಿದಿರುತ್ತದೆ.

ಅಡುಗೆ ಬಲ್ಲವರಿಗೆ ಇನ್ನೂ ಒಂದು ಮಾತು. ಬೇರೆಯವರು ಮಾಡಿದ್ದನ್ನು ಮತ್ತೆ ತಿದ್ದಬೇಡಿ. ನನ್ನ ಗಂಡ ಮೊದಲ ಸಲ ಕಟ್ಟಿದ ಕಡುಬುಗಳು ಒಂದೊಂದು ಒಂದೊಂದು ಗಾತ್ರ. ಅವರು ಅತ್ತ ತಿರುಗಿದಾಗ ಅತ್ತೆ ಅವನ್ನು ಒಂದೊಂದಾಗಿ ತೆಗೆದು ಮತ್ತೆ ಕಟ್ಟತೊಡಗಿದರು. ಅದನ್ನು ಕಂಡ ಅವರು ಕೈತೊಳೆದು ಹೊರಗೆ ಹೋದರು. ಆಮೇಲೆ ಎರಡು ತಿಂಗಳು ಅಡುಗೆಮನೆಯ ಕಡೆ ತಲೆ ಹಾಕಲಿಲ್ಲ. ಸೊಟ್ಟ ಕಡುಬು ಸೊಟ್ಟಗೇ ಬೇಯಲಿ.

ನಮ್ಮ ಹಂಚಿಕೆ ಹೀಗಿದೆ, ನಿಮ್ಮ ಮನೆಗೆ ತಕ್ಕಂತೆ ಬದಲಿಸಿಕೊಳ್ಳಿ. ಮಾವನಿಗೆ ಮಂಡಿನೋವು, ನಿಲ್ಲಲಾಗದು. ಕುಳಿತಲ್ಲೇ ಕಾಯಿ ತುರಿಯುತ್ತಾರೆ, ಬೆಳ್ಳುಳ್ಳಿ ಬಿಡಿಸುತ್ತಾರೆ. ತರಿ ಹಾಗೂ ಅದನ್ನು ಕುದಿಸಿ ತೊಳಸುವುದು ಮೈದುನ. ಸಾರು ಓರಗಿತ್ತಿಯದು. ಚಟ್ನಿ ನನ್ನ ಗಂಡನದು. ಸೊಪ್ಪು ರುಬ್ಬಿ ಮಜ್ಜಿಗೆಗೆ ಬೆರೆಸುವ ತಂಬುಳಿ ಮಗಳದು, ಅವಳಿಲ್ಲದ ದಿನ ನನ್ನದು. ಚಿಕ್ಕವನು ತಂಬುಳಿಗೆ ಬೇಕಾದ ಒಂದೆಲಗದ ಸೊಪ್ಪು ತೊಳೆಯುತ್ತಾನೆ, ತಟ್ಟೆ ಎಣಿಸುತ್ತಾನೆ. ಸೂಜಿಮೆಣಸನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಆ ಕೈ ಕಣ್ಣಿಗೆ ಹೋದರೆ ಊಟದ ಕತೆ ಮುಗಿಯಿತು. ಅತ್ತೆಗೆ ಯಾವ ಕೆಲಸವೂ ಇಲ್ಲ ಎಂದು ಮೊದಲು ಇಟ್ಟಿದ್ದೆವು. ಅವರಿಗೆ ಅದು ಬೇಸರ ತಂದಿತು. ಈಗ ಉಂಡೆ ಕಟ್ಟುವಾಗ ನಡುವೆ ಕುಳಿತುಕೊಳ್ಳುತ್ತಾರೆ, ಹದ ಹೇಳುವುದು ಅವರ ಪಾಲು.

ಕಡುಬು ಕಟ್ಟುವುದು

ಹನ್ನೊಂದೂವರೆಗೆ ಶುರುಮಾಡಿ. ದಪ್ಪ ತಳದ ಪಾತ್ರೆಯಲ್ಲಿ ಎಂಟು ಲೋಟ ನೀರು, ಉಪ್ಪು, ಎರಡು ಚಮಚ ಕೊಬ್ಬರಿ ಎಣ್ಣೆ ಅಥವಾ ತುಪ್ಪ, ಒಂದು ಹಿಡಿ ಕಾಯಿತುರಿ ಹಾಕಿ ಕುದಿಸಿ. ಹೊಸ ಅಕ್ಕಿಯ ತರಿಯಾದರೆ ನೀರು ಅರ್ಧ ಲೋಟ ಕಡಿಮೆ. ಮಳಮಳ ಕುದಿಯುವಾಗ ಒಬ್ಬರು ತರಿಯನ್ನು ಧಾರೆಯಾಗಿ ಸುರಿಯಬೇಕು, ಇನ್ನೊಬ್ಬರು ಬಿಡದೆ ತಿರುವಬೇಕು. ಒಬ್ಬರೇ ಮಾಡಿದರೆ ಗಂಟು ತಪ್ಪುವುದಿಲ್ಲ. ನೀರು ಇಂಗುತ್ತಿದ್ದಂತೆ ಉರಿ ತಗ್ಗಿಸಿ, ಮುಚ್ಚಿ, ಐದಾರು ನಿಮಿಷ ಬಿಡಿ. ಆಮೇಲೆ ಒಲೆ ಆರಿಸಿ ಇನ್ನೂ ಹತ್ತು ನಿಮಿಷ ಮುಚ್ಚಿದ ಹಾಗೆಯೇ ಇರಲಿ.

ಈಗ ಪಾತ್ರೆಯನ್ನು ನೆಲಕ್ಕೆ ಇಳಿಸಿ, ಸುತ್ತ ಎಲ್ಲರೂ ಕುಳಿತುಕೊಳ್ಳಿ. ಪಕ್ಕದಲ್ಲಿ ಎರಡು ಬಟ್ಟಲು ತಣ್ಣೀರು. ತರಿ ಬಿಸಿಯಿದ್ದಾಗಲೇ ಕಟ್ಟಬೇಕು, ತಣಿದರೆ ಉಂಡೆ ಬಿರಿಯುತ್ತದೆ. ಅಂಗೈಯನ್ನು ನೀರಿಗೆ ಅದ್ದಿ, ಒಂದು ಹಿಡಿ ತೆಗೆದುಕೊಂಡು, ಮೊದಲು ಗಟ್ಟಿಯಾಗಿ ಒಮ್ಮೆ ಹಿಸುಕಿ, ಆಮೇಲೆ ಎರಡೂ ಅಂಗೈಗಳ ನಡುವೆ ಹಗುರವಾಗಿ ಉರುಳಿಸಿ. ನಿಂಬೆಹಣ್ಣಿಗಿಂತ ತುಸು ದೊಡ್ಡದಿರಲಿ. ಕೊನೆಯಲ್ಲಿ ಹೆಬ್ಬೆರಳಿನಿಂದ ನಡುವೆ ಒಂದು ಸಣ್ಣ ಕುಳಿ ಮಾಡುವುದು ನಮ್ಮ ಅತ್ತೆಯ ಕ್ರಮ, ಹಬೆ ಒಳಗಿನವರೆಗೆ ಹೋಗಲಿ ಎಂದು. ಅವರ ಹೆಬ್ಬೆರಳಿನ ಗುರುತು ಸ್ವಲ್ಪ ಎಡಕ್ಕೆ ವಾಲಿರುತ್ತದೆ. ಬೆಂದ ಕಡುಬುಗಳ ರಾಶಿಯಲ್ಲಿ ಅವರದು ಯಾವುದು ಎಂದು ಚಿಕ್ಕವನು ಹುಡುಕಿ ತೆಗೆಯುತ್ತಾನೆ.

ನಾಲ್ಕು ಲೋಟಕ್ಕೆ ಮೂವತ್ತರ ಮೇಲೆ ಕಡುಬು ಬರುತ್ತವೆ. ಆರು ಜೋಡಿ ಕೈಗಳಿದ್ದರೆ ಹತ್ತು ನಿಮಿಷದ ಕೆಲಸ, ಒಬ್ಬರೇ ಕಟ್ಟಿದರೆ ಮುಕ್ಕಾಲು ಗಂಟೆ, ಅದೂ ಬೆರಳು ಸುಟ್ಟುಕೊಂಡು. ನನ್ನ ಮಗಳಿಗೆ ಇದು ಮನಸ್ಸಿಗೆ ನಾಟಿದ್ದು ನಾನು ಹೇಳಿದ್ದರಿಂದಲ್ಲ, ತನ್ನ ಅಂಗೈ ಕೆಂಪಾದದ್ದನ್ನು ನೋಡಿಕೊಂಡಾಗ.

ಹಬೆಪಾತ್ರೆಯ ತಳದ ನೀರು ಮೊದಲೇ ಕುದಿಯುತ್ತಿರಬೇಕು. ಆ ನೀರಿಗೆ ಒಂದು ನಾಣ್ಯ ತೊಳೆದು ಹಾಕಿಡಿ. ನೀರು ಇರುವವರೆಗೆ ನಾಣ್ಯ ಕಟಕಟ ಎನ್ನುತ್ತಿರುತ್ತದೆ, ಸದ್ದು ನಿಂತರೆ ನೀರು ಬತ್ತಿತು ಎಂದರ್ಥ. ಕಡುಬುಗಳನ್ನು ಒಂದಕ್ಕೊಂದು ಒತ್ತದಂತೆ ಜೋಡಿಸಿ, ಇಪ್ಪತ್ತು ನಿಮಿಷ ಬೇಯಿಸಿ. ಇಡ್ಲಿಪಾತ್ರೆಯಾದರೂ ಸರಿ, ತಟ್ಟೆಗಳ ಬದಲು ತೂತಿನ ಒಂದು ಜಾಲರಿ ಇಟ್ಟರೆ ಜಾಗ ಹೆಚ್ಚು ಸಿಗುತ್ತದೆ. ಒಂದೇ ಸಲಕ್ಕೆ ಹಿಡಿಸದಿದ್ದರೆ ಎರಡು ಪಾತ್ರೆ ಇಡಿ. ಎರಡನೆಯ ಒಬ್ಬೆಗೆ ಬಿಟ್ಟರೆ ಅದನ್ನು ಕಾಯಲು ಮತ್ತೆ ಒಬ್ಬರು ಎದ್ದು ಹೋಗಬೇಕು.

ಆ ಇಪ್ಪತ್ತು ನಿಮಿಷ

ಹೆಚ್ಚಿನ ಮನೆಗಳಲ್ಲಿ ಈ ಹೊತ್ತಿಗೆ ಉಳಿದವರು ಮೊಬೈಲ್ ಹಿಡಿದು ಕುಳಿತಿರುತ್ತಾರೆ, ಅಡುಗೆಯವರು ಮಾತ್ರ ಓಡಾಡುತ್ತಿರುತ್ತಾರೆ. ಇದೇ ಇಪ್ಪತ್ತು ನಿಮಿಷದಲ್ಲಿ ಪಾತ್ರೆ ತೊಳೆದು, ಕಟ್ಟೆ ಒರೆಸಿ ಮುಗಿಸಬೇಕು. ಊಟದ ನಂತರ ರಾಶಿ ಪಾತ್ರೆ ಕಾದಿದೆ ಎಂದು ಗೊತ್ತಿದ್ದರೆ ಅದನ್ನು ತೊಳೆಯುವವರಿಗೆ ತುತ್ತು ಇಳಿಯುವುದಿಲ್ಲ.

ತಂಬುಳಿಗೂ ಇದೇ ಹೊತ್ತು. ಎರಡು ಹಿಡಿ ಒಂದೆಲಗದ ಎಲೆ, ಒಂದು ಚಮಚ ಜೀರಿಗೆ, ಏಳೆಂಟು ಕಾಳುಮೆಣಸು, ಇಷ್ಟನ್ನು ತುಪ್ಪದಲ್ಲಿ ಬಾಡಿಸಿ, ಒಂದು ಲೋಟ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ನಾಲ್ಕು ಲೋಟ ಕಡೆದ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರೆ ಆಯಿತು. ಬೆರೆಸಿದ ಮೇಲೆ ಬಿಸಿ ಮಾಡುವಂತಿಲ್ಲ, ಒಡೆಯುತ್ತದೆ. ಒಂದೆಲಗ ಸಿಗದಿದ್ದರೆ ದೊಡ್ಡಪತ್ರೆ ಆಗುತ್ತದೆ. ಅಡುಗೆಗೆ ಹೊಸಬರಾದವರಿಗೆ ತಂಬುಳಿಯನ್ನೇ ಕೊಡಿ. ಕೆಡುವ ಭಯ ಕಡಿಮೆ, ಎಲ್ಲರೂ ಎರಡನೆಯ ಸಲ ಹಾಕಿಸಿಕೊಳ್ಳುತ್ತಾರೆ, ಮಾಡಿದವರ ಮುಖ ಅರಳುತ್ತದೆ.

ಕುಳಿತುಕೊಳ್ಳುವುದು

ಅನ್ನದ ಪಾತ್ರೆ, ಸಾರು, ಕಡುಬು ತುಂಬಿದ ಹಬೆಪಾತ್ರೆ, ಚಟ್ನಿ, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ತುಪ್ಪ, ಬೆಲ್ಲದ ಪುಡಿ, ಉಪ್ಪು, ಕುಡಿಯುವ ನೀರು. ಎಲ್ಲವನ್ನೂ ನಡುವೆ ತಂದಿಡಿ. ಒಂದೊಂದನ್ನು ಒಬ್ಬೊಬ್ಬರು ತರಲಿ. ಏನೂ ಒಳಗೆ ಉಳಿದಿಲ್ಲ ಎಂದು ಖಾತ್ರಿಯಾಗುವವರೆಗೆ ಯಾರೂ ಕುಳಿತುಕೊಳ್ಳುವುದು ಬೇಡ. ನಮ್ಮಲ್ಲಿ ಚಿಕ್ಕವನು ಬೆರಳು ಮಡಚಿ ಹತ್ತು ವಸ್ತು ಎಣಿಸುತ್ತಾನೆ. ಹತ್ತಾದ ಮೇಲೆ ಎಲ್ಲರೂ ಒಮ್ಮೆಗೇ ಕುಳಿತುಕೊಳ್ಳುತ್ತೇವೆ.

ಆಮೇಲೆ ಒಂದೇ ನಿಯಮ: ಯಾರೂ ಏಳುವಂತಿಲ್ಲ. ಏನಾದರೂ ಮರೆತಿದ್ದರೆ ಅದಿಲ್ಲದೆಯೇ ಊಟ. ಮೊದಲ ತಿಂಗಳು ಇದು ಅತ್ಯಂತ ಕಷ್ಟವಾಗುವುದು ಅಡುಗೆ ಮಾಡಿ ಅಭ್ಯಾಸವಿದ್ದವರಿಗೇ. ಅತ್ತೆ ಮೂರು ಸಲ ಅರ್ಧ ಎದ್ದು ಕುಳಿತಿದ್ದರು, ನಾಲ್ಕನೆಯ ಸಲ ಮಾವ ಅವರ ಸೆರಗು ಹಿಡಿದು ಕೂರಿಸಿದರು. ಐವತ್ತು ವರ್ಷದ ದಾಂಪತ್ಯದಲ್ಲಿ ಅವರಿಬ್ಬರೂ ಅಕ್ಕಪಕ್ಕ ಕುಳಿತು ಉಂಡದ್ದು ಮದುವೆಯ ದಿನ ಬಿಟ್ಟರೆ ನೆಂಟರ ಮನೆಯ ಸಮಾರಂಭಗಳಲ್ಲಿ ಮಾತ್ರವಂತೆ.

ಬಡಿಸುವುದನ್ನು ಕುಳಿತಲ್ಲೇ ಮಾಡಬಹುದು. ಪಾತ್ರೆ ಕೈಯಿಂದ ಕೈಗೆ ದಾಟಲಿ, ಪ್ರತಿಯೊಬ್ಬರೂ ತಮ್ಮ ಬಲಗಡೆಯವರಿಗೆ ಬಡಿಸಲಿ. ಪಕ್ಕದವರಿಗೆ ಎಷ್ಟು ಬೇಕು, ಏನು ಇಷ್ಟ ಎಂದು ಆಗ ಗಮನಕ್ಕೆ ಬರುತ್ತದೆ. ಸಕ್ಕರೆ ಕಾಯಿಲೆಯ ಮಾವನಿಗೆ ಎರಡೇ ಕಡುಬು, ಕಾಳಿನ ಸಾರು ಜಾಸ್ತಿ. ಅವರ ಪಕ್ಕ ಕುಳಿತ ಮೊಮ್ಮಗನಿಗೆ ಆ ಲೆಕ್ಕ ಈಗ ಬಾಯಿಪಾಠ.

ಮಾತಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಕ್ಕಳ ಅಂಕ, ಮದುವೆಯ ವಿಷಯ, ಸಾಲದ ಕಂತು, ಇವು ಮೂರು ಆ ಅರ್ಧ ಗಂಟೆ ಬೇಡ. ಅಡಿಕೆ ಧಾರಣೆಯ ಮಾತು ಬಂದೇ ಬರುತ್ತದೆ, ಬರಲಿ.

ಮಳೆಗಾಲಕ್ಕೆ ಎರಡು ಅಡುಗೆ, ಎರಡು ಎಚ್ಚರಿಕೆ

ಕಡುಬು ಕೈಗೆ ಕುದುರಿದ ಮೇಲೆ ಪತ್ರೊಡೆಗೆ ಹೋಗಿ. ಮರದ ಮೇಲೆ ಬೆಳೆಯುವ ಮರಕೆಸುವಿನ ಎಲೆ ಸಿಕ್ಕರೆ ಒಳ್ಳೆಯದು. ಎಲೆಯ ಹಿಂಬದಿಯ ದಪ್ಪ ನಾರನ್ನು ಸವರಿ ತೆಗೆಯಲು ಒಬ್ಬರು, ನೆನೆಸಿದ ಅಕ್ಕಿ, ಕಾಯಿ, ಮೆಣಸು, ಕೊತ್ತಂಬರಿ, ಬೆಲ್ಲ, ಹುಣಿಸೆ ಸೇರಿಸಿ ರುಬ್ಬಲು ಒಬ್ಬರು, ಹಿಟ್ಟು ಸವರಲು ಇಬ್ಬರು, ಸುತ್ತಲು ಒಬ್ಬರು ಬೇಕು. ಹಬೆಯಲ್ಲಿ ಮುಕ್ಕಾಲು ಗಂಟೆ. ಕೆಸುವಿನಲ್ಲಿ ಸೂಜಿಯಂತಹ ಸಣ್ಣ ಹರಳುಗಳಿವೆ, ಗಂಟಲು ಕೆರೆಯುವುದು ಅದರಿಂದಲೇ. ಹುಣಿಸೆಹುಳಿ ಧಾರಾಳವಾಗಿರಲಿ, ಚೆನ್ನಾಗಿ ಬೇಯಲಿ, ಎಲೆ ಮುಟ್ಟುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ಇನ್ನೊಂದು ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ. ಇದು ಭಾನುವಾರದ ಅಡುಗೆಯಾದರೂ ಗುರುವಾರವೇ ಶುರುವಾಗಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ವಿಷದ ಅಂಶವಿದೆ. ತೆಳ್ಳಗೆ ಹೆಚ್ಚಿ, ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಕೊನೆಗೆ ಬೇಯಿಸಿದ ನೀರನ್ನೂ ಚೆಲ್ಲಿದ ಮೇಲೆಯೇ ಪಲ್ಯಕ್ಕೋ ಸಾರಿಗೋ ಹಾಕಬೇಕು. ನೀರು ಬದಲಿಸುವುದನ್ನು ದಿನಕ್ಕೊಬ್ಬರಂತೆ ಪಾಳಿ ಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಹೆಸರು ಬರೆದಿಡಿ. ಮರೆಯುವಂತಿಲ್ಲದ ಕೆಲಸ ಒಂದು ತಮ್ಮ ಪಾಲಿಗಿದೆ ಎಂದರೆ ಕಾಲೇಜಿಗೆ ಹೋಗುವ ಹುಡುಗರೂ ನೆಟ್ಟಗೆ ಮಾಡುತ್ತಾರೆ.

ಬೇಯಿಸಿದವರೂ ಎಲ್ಲರೊಡನೆ ಕುಳಿತು ಉಣ್ಣುವುದು ನಮ್ಮ ಕಡೆ ಹೊಸದೇನೂ ಅಲ್ಲ. ಆಶ್ವಯುಜದ ಭೂಮಿ ಹುಣ್ಣಿಮೆಗೆ ಮಲೆನಾಡಿನ ರೈತರ ಮನೆಗಳಲ್ಲಿ ರಾತ್ರಿಯಿಡೀ ಅಡುಗೆ ನಡೆಯುತ್ತದೆ. ಬಗೆಬಗೆಯ ಸೊಪ್ಪು, ಅಮಟೆಕಾಯಿ, ಕಡುಬು. ದೀವರ ಸಮುದಾಯದ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅದನ್ನು ತುಂಬಿ, ಗದ್ದೆಗೆ ಹೊತ್ತೊಯ್ದು, ತೆನೆಗಟ್ಟುವ ಪೈರಿಗೆ ಬಯಕೆಯ ಊಟವೆಂದು ಎಡೆ ಇಡುತ್ತಾರೆ. ಆಮೇಲೆ ಮನೆಮಂದಿಯ ಊಟ ಅಲ್ಲೇ. ಗದ್ದೆಯ ಬದುವಿನ ಮೇಲೆ ಅಡುಗೆಮನೆಯ ಹೊಸ್ತಿಲು ಇರುವುದಿಲ್ಲ, ರಾತ್ರಿಯೆಲ್ಲ ಬೇಯಿಸಿದವರೂ ಎಲ್ಲರ ನಡುವೆಯೇ ಕುಳಿತುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಗದ್ದೆಯಲ್ಲಿ ಆಗುವುದು ತಿಂಗಳಿಗೆ ಎರಡು ಸಲ ಮನೆಯೊಳಗೆ ಆಗಬಾರದೇಕೆ ಎಂದೇ ನಾನು ಕೇಳುವುದು.

ಇಬ್ಬರೇ ಇರುವ ಮನೆಯವರು ಒಂದು ಲೋಟ ತರಿಯಿಂದ ಶುರುಮಾಡಿ, ಎಂಟು ಕಡುಬು ಆಗುತ್ತವೆ. ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿದ್ದರೆ ಒಂದೂವರೆ ಲೋಟ ಮಾಡಿ ಅವರನ್ನೂ ಕರೆಯಿರಿ. ಡಬ್ಬಿಯಲ್ಲಿ ಕಳಿಸುವುದಕ್ಕಿಂತ ಬಂದು ಉಂಡೆ ಕಟ್ಟಲು ಹೇಳುವುದು ಮೇಲು.

ಉಳಿದ ಕಡುಬನ್ನು ರಾತ್ರಿ ಬಿಸಿ ಮಾಡಬೇಡಿ. ಮುಚ್ಚಿ ತಣ್ಣಗೆ ಇಟ್ಟು, ಸೋಮವಾರ ಬೆಳಗ್ಗೆ ಪುಡಿಮಾಡಿ, ಸಾಸಿವೆ, ಉದ್ದಿನಬೇಳೆ, ಕರಿಬೇವು, ಹಸಿಮೆಣಸಿನ ಒಗ್ಗರಣೆಯಲ್ಲಿ ಹುರಿದು, ಮೇಲೆ ಕಾಯಿತುರಿ ಉದುರಿಸಿ. ನಮ್ಮ ಮನೆಯಲ್ಲಿ ಆ ಒಗ್ಗರಣೆ ಮಾವನದು. ಬೆಳಗ್ಗೆ ಆರೂವರೆಗೆ, ಮಂಡಿನೋವಿಗೆ ಪಟ್ಟಿ ಕಟ್ಟಿಕೊಂಡು, ಒಲೆಯ ಮುಂದೆ ಎತ್ತರದ ಸ್ಟೂಲಿನ ಮೇಲೆ ಕುಳಿತು ಹುರಿಯುತ್ತಾರೆ. ಮೊದಲ ತಟ್ಟೆಯನ್ನು ಅತ್ತೆ ಹಲ್ಲುಜ್ಜಿ ಬರುವ ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ ಇಡುತ್ತಾರೆ, ಬಿಸಿಬಿಸಿಯಾಗಿ.